ಆಸಾಡಿ ಮಳೆಯಲ್ಲಿ ಮೊದಲ ಟ್ರ್ಯಾಕ್

ಮಧ್ಯಾಹ್ನ ಎರಡೂವರೆ ಗಂಟೆ. ಹೊರಗೆ ಆಸಾಡಿ ಮಳೆ. ಕುಂದಾಪುರದಿಂದ ಘಟ್ಟದ ಕಡೆಗೆ ಹದಿನೈದು ಕಿಲೋಮೀಟರ್ ಒಳಗೆ, ತೋಟದ ನಡುವಿನ ಹೆಂಚಿನ ಮನೆ. ಅಡುಗೆಮನೆಗೆ ತಾಗಿದ ಸಣ್ಣ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದೇನೆ. ತಲೆಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ ನಾಲ್ಕು ಸಾಲು ಹಗ್ಗ. ಹಗ್ಗದ ತುಂಬ ಮೂರು ದಿನದಿಂದ ಒಣಗದೆ ಜೋತುಬಿದ್ದ ಪಂಚೆ, ಬೈರಾಸು, ಅತ್ತೆಯ ಸೀರೆಗಳು. ಒಲೆಯ ಹೊಗೆಯೂ ಒದ್ದೆ ಬಟ್ಟೆಯೂ ಸೇರಿದ ಮಳೆಗಾಲದ ವಾಸನೆ. ಎದುರಿಗೆ ಮಣೆಯ ಮೇಲೆ ಲ್ಯಾಪ್‌ಟಾಪ್. ಅದರ ಪಕ್ಕದಲ್ಲಿ ಬುತ್ತಿ ಡಬ್ಬಿಯಷ್ಟು ದೊಡ್ಡದಾದ ಲೋಹದ ಪೆಟ್ಟಿಗೆ. ಇಂಟರ್‌ಫೇಸ್ ಎನ್ನುತ್ತಾರೆ. ಮೈಕಿನ ವಯರು ಬಂದು ಸೇರುವುದು ಅದಕ್ಕೆ. ಅಲ್ಲಿಂದ ಯುಎಸ್‌ಬಿ ವಯರು ಹೊರಟು ಲ್ಯಾಪ್‌ಟಾಪ್ ಸೇರುತ್ತದೆ. ದನಿ ಅಂಕಿಯಾಗಿ ಮಾರ್ಪಡುವುದು ಆ ಪೆಟ್ಟಿಗೆಯೊಳಗೆ.

ಮಾವ ಬಾಗಿಲ ದಾರಂದಕ್ಕೆ ಒರಗಿ ನಿಂತು ನೋಡುತ್ತಿದ್ದಾರೆ.

“ಎಂತ ಮಾಣಿ, ಇನ್ನೂ ಆಯ್ಲಿಲ್ಯಾ?”

“ಆಯ್ತ್ ಮಾವ, ಹತ್ತ್ ನಿಮಿಷ.”

ಮಾವ ಯಕ್ಷಗಾನದ ಭಾಗವತರು. ಬಡಗುತಿಟ್ಟಿನ ಮೇಳಗಳಲ್ಲಿ ಮೂವತ್ತು ವರ್ಷ ತಿರುಗಾಟ ಮಾಡಿದವರು. ಈಗ ತಿರುಗಾಟ ಬಿಟ್ಟಿದ್ದಾರೆ, ಹಾಡುವುದು ಬಿಟ್ಟಿಲ್ಲ. ಮೇ ಕೊನೆಗೆ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ನವೆಂಬರ್ ಹೊತ್ತಿಗೆ. ನಡುವಿನ ಈ ಮಳೆಗಾಲದಲ್ಲಿ ಕಲಾವಿದರೆಲ್ಲ ಮನೆಯಲ್ಲಿರುತ್ತಾರೆ, ಒಬ್ಬರನ್ನೊಬ್ಬರು ಕರೆದು ಕೂಡಿಸುವುದು ಸುಲಭ. ಧ್ವನಿಮುದ್ರಣಕ್ಕೆ ಮಾತ್ರ ವರ್ಷದಲ್ಲೇ ಇದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಸುರಿಯುವ ಮಳೆಯಲ್ಲಿ ಮುಕ್ಕಾಲುಪಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್‌ನೊಳಗೇ ಬಂದುಬಿಡುತ್ತದೆ. ಅದರಲ್ಲಿ ಒಂದು ಪಾಲು ಈಗ, ಈ ಕ್ಷಣ, ನನ್ನ ತಲೆಯ ಮೇಲಿನ ಹೆಂಚಿಗೆ ಬಡಿಯುತ್ತಿದೆ.

ಚಳಿಗಾಲದವರೆಗೆ ಕಾಯಬಹುದಿತ್ತು. ಕಾಯದೆ ಇರಲು ಕಾರಣ ಅಟ್ಟದ ಮೇಲಿನ ಒಂದು ರಟ್ಟಿನ ಪೆಟ್ಟಿಗೆ. ಮಾವನ ಮೂವತ್ತರ ಪ್ರಾಯದ ದನಿಯಿದ್ದ ಹನ್ನೊಂದು ಕ್ಯಾಸೆಟ್‌ಗಳು ಅದರಲ್ಲಿದ್ದವು. ಹೋದ ತಿಂಗಳು ಇಳಿಸಿ ನೋಡಿದರೆ ಟೇಪಿನ ಅಂಚಿನುದ್ದಕ್ಕೂ ಬೆಳ್ಳಗೆ ಬೂಷ್ಟು. ಒಂದನ್ನು ಹಾಕಿದ್ದಕ್ಕೆ ಪ್ಲೇಯರ್ ಎರಡು ನಿಮಿಷ ಕಿರುಗುಟ್ಟಿ ಟೇಪನ್ನು ಸುತ್ತಿಕೊಂಡಿತು. ಉಳಿದವನ್ನು ಹಾಕುವ ಧೈರ್ಯ ಬರಲಿಲ್ಲ. ಮಾವ ಏನೂ ಹೇಳಲಿಲ್ಲ. ಪೆಟ್ಟಿಗೆ ಮುಚ್ಚಿ, ಅದರ ಮೇಲೆ ಒಂದು ಸಲ ಕೈಯಾಡಿಸಿ, ಮತ್ತೆ ಅಟ್ಟಕ್ಕೆ ಏರಿಸಿದರು.

ಕ್ಯಾಸೆಟ್ ಎಂಬುದು ನಮ್ಮ ಕಡೆಯವರಿಗೆ ಸಣ್ಣ ವಸ್ತುವಲ್ಲ. ಭಾಗವತ ಗುಂಡ್ಮಿ ಕಾಳಿಂಗ ನಾವಡರು ಹುಟ್ಟಿದ್ದು 1958ರಲ್ಲಿ, ರಸ್ತೆ ಅಪಘಾತದಲ್ಲಿ ತೀರಿಹೋದದ್ದು 1990ರಲ್ಲಿ. ಅವರನ್ನು ರಂಗಸ್ಥಳದಲ್ಲಿ ನೋಡಿಯೇ ಇಲ್ಲದ ನನ್ನಂಥವರಿಗೆ ಅವರ ಒಂದೊಂದು ಪದ್ಯವೂ ಬಾಯಿಪಾಠ. ಯಾರೋ ಒಬ್ಬರು ಟೇಪ್‌ರೆಕಾರ್ಡರಿನ ಕೆಂಪು ಗುಂಡಿ ಒತ್ತಿದ್ದಕ್ಕೆ ಆ ದನಿ ಇವತ್ತಿಗೂ ಬಸ್ಸಿನಲ್ಲಿ, ಅಂಗಡಿಯಲ್ಲಿ, ಮೊಬೈಲಿನಲ್ಲಿ ಇದೆ. ಮಾವನ ದನಿಗೂ ಅಂಥದೊಂದು ಕೆಂಪು ಗುಂಡಿ ಬೇಕು. ಈ ಮಳೆಗಾಲದಲ್ಲೇ ಬೇಕು.

ಬೆಳಿಗ್ಗೆ ಮೊದಲು ಮಾಡಿದ ಕೆಲಸ ಕೋಣೆ ಹುಡುಕುವುದು. ಅದಕ್ಕೆ ಯಂತ್ರ ಬೇಡ, ಎರಡು ಕೈ ಸಾಕು. ಚಾವಡಿಯ ನಡುವೆ ನಿಂತು ಒಂದು ಚಪ್ಪಾಳೆ ಹೊಡೆದೆ: ಟಣ್ ಎಂದು ಕೆಂಪು ಗಾರೆ ನೆಲ, ಸುಣ್ಣದ ಗೋಡೆ ಎರಡೂ ಕಡೆಯಿಂದ ಮರಳಿ ಬಂತು. ದೇವರ ಕೋಣೆಯಲ್ಲಿ ಇನ್ನೂ ಹೆಚ್ಚು. ಉಪ್ಪರಿಗೆಯಲ್ಲಿ ಹೆಂಚು ಕೈಗೆ ಸಿಗುವಷ್ಟು ಹತ್ತಿರ, ಮಳೆ ಕಿವಿಯ ಮೇಲೇ ಬಿದ್ದ ಹಾಗೆ. ಕೊನೆಗೆ ಈ ಬಟ್ಟೆ ಒಣಹಾಕುವ ಕೋಣೆಗೆ ಬಂದು ಚಪ್ಪಾಳೆ ಹೊಡೆದರೆ, ಟಪ್. ಅಷ್ಟೇ. ಹಿಂದೆ ಏನೂ ಇಲ್ಲ. ಒದ್ದೆ ಸೀರೆಗಳು ಸದ್ದನ್ನು ಕುಡಿದುಬಿಟ್ಟಿದ್ದವು. ಮೇಲುಗಡೆ ಹಲಗೆಯ ಮುಚ್ಚಿಗೆ, ಅದರ ಮೇಲೆ ಅಟ್ಟ, ಅಟ್ಟದಲ್ಲಿ ಗೋಣಿಚೀಲಗಳ ರಾಶಿ. ಮಳೆ ಇಲ್ಲಿಗೆ ಇಳಿಯುವಷ್ಟರಲ್ಲಿ ಗುಸುಗುಸು ಆಗಿರುತ್ತದೆ. ಉಳಿದ ಒಂದು ಬೋಳು ಗೋಡೆಗೆ ಹತ್ತಿಯ ಹಾಸಿಗೆಯನ್ನು ಎತ್ತಿ ನಿಲ್ಲಿಸಿದೆ, ಕಿಟಕಿಗೆ ಕಂಬಳಿ.

ಹಾಸಿಗೆ ಹೊತ್ತುಕೊಂಡು ಹೋಗುವಾಗ ಅತ್ತೆ ಅಡುಗೆಮನೆಯಿಂದ ತಲೆ ಹೊರಗೆ ಹಾಕಿ ಕೇಳಿದ್ದರು: “ಮನಿಯನ್ನೇ ರೇಡಿಯೋ ಸ್ಟೇಶನ್ ಮಾಡಿದ್ರ್ಯಾ ಮಾವ ಅಳಿಯ?”

ಮಾಡಬಾರದೇಕೆ? ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ‘ಆಕಾಶವಾಣಿ’ಯನ್ನು ಶುರುಮಾಡಿದ್ದು ತಮ್ಮ ಮನೆಯಲ್ಲೇ. ಇವತ್ತು ದೇಶವೆಲ್ಲ ಹೇಳುವ ಆ ಹೆಸರು ಒಂದು ಮನೆಯ ಕೋಣೆಯಿಂದ ಹೊರಟದ್ದು.

ಈಗ ಪರದೆಯ ಕಡೆ ನೋಡಿ. ಅದರ ಮೇಲೆ ಕಪ್ಪುಬೂದು ಬಣ್ಣದ ಖಾಲಿ ಬಯಲೊಂದು ತೆರೆದುಕೊಂಡಿದೆ. ಇದು ರೀಪರ್ ಎಂಬ ಧ್ವನಿಮುದ್ರಣ ತಂತ್ರಾಂಶ. 1997ರಲ್ಲಿ ವಿನ್‌ಆಂಪ್ ಬರೆದ ಜಸ್ಟಿನ್ ಫ್ರಾಂಕೆಲ್ ಅವರದೇ ಕೈಯಿಂದ ಬಂದದ್ದು. ಹಳೆಯ ಕಂಪ್ಯೂಟರ್‌ಗಳಲ್ಲಿ ನಾವೆಲ್ಲ ಹಾಡು ಕೇಳುತ್ತಿದ್ದ ಆ ವಿನ್‌ಆಂಪ್. 60 ದಿನ ಯಾವ ಕಡಿತವೂ ಇಲ್ಲದೆ ಬಳಸಿ ನೋಡಬಹುದು, ಆಮೇಲೆ ನಮ್ಮಂಥ ಮನೆಬಳಕೆಯವರಿಗೆ 60 ಡಾಲರಿನ ಲೈಸೆನ್ಸು. ಒಂದೇ ದನಿಯನ್ನು ಹಿಡಿದು, ಬೇಡದ್ದನ್ನು ಕತ್ತರಿಸಿ ಇಡುವುದಷ್ಟೇ ಆಗಿದ್ದರೆ ಆಡಾಸಿಟಿ ಸಾಕಿತ್ತು. 2000ದಿಂದ ಅದು ಉಚಿತವಾಗಿಯೇ ಸಿಗುತ್ತಿದೆ, ಹೊಸಬರಿಗೆ ಸುಲಭ. ಆದರೆ ಭಾಗವತಿಕೆ ಒಂಟಿ ವಿದ್ಯೆಯಲ್ಲ. ಇವತ್ತು ಮಾವನ ದನಿ, ನಾಳೆ ಮದ್ದಳೆ, ನಾಡಿದ್ದು ಚಂಡೆ. ಒಂದೊಂದಕ್ಕೂ ಒಂದೊಂದು ಸಾಲು ಬೇಕು, ಒಂದೊಂದರ ಏರಿಳಿತವೂ ಬೇರೆಬೇರೆ ಕೈಗೆ ಸಿಗಬೇಕು. ಅದಕ್ಕೆ ರೀಪರ್ ಹಿಡಿದೆ.

ಮೊದಲ ಸಲ ತೆರೆದಾಗಲೇ ಅದು ಕೇಳಿತು: ನೀನಿನ್ನೂ ಆಡಿಯೋ ಸಾಧನ ಆರಿಸಿಲ್ಲ, ಈಗ ಆರಿಸುತ್ತೀಯಾ? ಮೊದಲ ದಿನ ಹೆಚ್ಚಿನವರು ದಾರಿ ತಪ್ಪುವುದು ಇಲ್ಲಿ. ಬೇಡ ಎಂದು ಒತ್ತಿಬಿಟ್ಟರೆ ತಂತ್ರಾಂಶ ವಿಂಡೋಸಿನ ಮಾಮೂಲಿ ದಾರಿ ಹಿಡಿಯುತ್ತದೆ, ಲ್ಯಾಪ್‌ಟಾಪಿನ ಒಳಗಿರುವ ಮೈಕನ್ನೇ ಮೈಕು ಎಂದುಕೊಳ್ಳುತ್ತದೆ. ಹೌದು ಎಂದು ಒತ್ತಿ, ಆಡಿಯೋ ಸಿಸ್ಟಂ ಎಂಬಲ್ಲಿ ‘ಆಸಿಯೋ’ ಆರಿಸಿದೆ. ಸ್ಟೈನ್‌ಬರ್ಗ್ ಎಂಬ ಜರ್ಮನ್ ಕಂಪನಿ 1997ರಲ್ಲಿ ಹಾಕಿಕೊಟ್ಟ ಒಳದಾರಿ ಅದು. ವಿಂಡೋಸ್ ತನ್ನ ಗಂಟೆನಾದ, ಯೂಟ್ಯೂಬು ಎಲ್ಲವನ್ನೂ ಬೆರೆಸುವ ಸಂತೆಬೀದಿಯನ್ನು ತಪ್ಪಿಸಿ, ಪೆಟ್ಟಿಗೆಯಿಂದ ತಂತ್ರಾಂಶಕ್ಕೆ ನೇರ ಕಾಲುಹಾದಿ. ಪೆಟ್ಟಿಗೆ ಮಾಡಿದವರ ಡ್ರೈವರನ್ನು ಮೊದಲೇ ಹಾಕಿಕೊಂಡಿದ್ದರಿಂದ ಪಟ್ಟಿಯಲ್ಲಿ ಅದರ ಹೆಸರು ಬಂತು.

ಅದೇ ಪುಟದಲ್ಲಿ ಸ್ಯಾಂಪಲ್ ರೇಟ್ ಎಂದಿದೆ. 48,000 ಎಂದು ಬರೆದೆ. ಒಂದು ಸೆಕೆಂಡಿನಲ್ಲಿ ದನಿಯನ್ನು 48,000 ಸಲ ಅಳೆದು ಬರೆದುಕೊಳ್ಳುತ್ತದೆ ಎಂದರ್ಥ. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ. ಕಂಪನವೊಂದನ್ನು ತಪ್ಪಿಲ್ಲದೆ ಹಿಡಿಯಲು ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. ಆ ಲೆಕ್ಕಕ್ಕೆ 48,000 ಧಾರಾಳ. ಇನ್ನೂ ದೊಡ್ಡ ಅಂಕಿಗಳೂ ಪಟ್ಟಿಯಲ್ಲಿವೆ. ಮಾವನ ದನಿಗೆ ಅವು ಬೇಡ, ನನ್ನ ಡಿಸ್ಕಿಗೂ ಬೇಡ. ಈ ಅಳತೆಯಲ್ಲಿ, 24 ಬಿಟ್‌ನಲ್ಲಿ, ಒಂಟಿ ಮೈಕಿನ ಒಂದು ನಿಮಿಷಕ್ಕೆ ಎಂಟೂವರೆ ಎಂಬಿಗಿಂತ ತುಸು ಹೆಚ್ಚು. ರಾತ್ರಿಯಿಡೀ ಆಟ ಹಿಡಿದರೂ ಪೆನ್‌ಡ್ರೈವಿನಲ್ಲಿ ಕೂರುತ್ತದೆ.

ಕಂಟ್ರೋಲ್ ಒತ್ತಿ ಟಿ ಒತ್ತುತ್ತೇನೆ. ಖಾಲಿ ಬಯಲಿನ ನೆತ್ತಿಯಲ್ಲಿ ಒಂದು ಸಾಲು ಮೂಡುತ್ತದೆ. ಮೊದಲ ಟ್ರ್ಯಾಕ್.

ಬಲಗಡೆಯ ಬಯಲಿನಲ್ಲಿ ಗೆರೆಗಳು. ತಂತ್ರಾಂಶ ತಾನಾಗಿಯೇ ನಿಮಿಷಕ್ಕೆ 120 ಪೆಟ್ಟು, ನಾಲ್ಕು ನಾಲ್ಕರ ಕಟ್ಟು ಎಂದು ಗೆರೆ ಎಳೆದು ಕೂತಿದೆ. ಮಾವ ಹಾಡಬೇಕೆಂದಿರುವುದು ತ್ರಿವುಡೆಯಲ್ಲಿ, ಏಳಕ್ಷರದ ತಾಳ. ಅದೂ ಗಡಿಯಾರದ ತಾಳವಲ್ಲ. ಪದ್ಯದ ಭಾವ ಬಿಗಿಯಾದರೆ ಕಾಲ ಬಿಗಿಯಾಗುತ್ತದೆ, ವೇಷಧಾರಿಯ ಹೆಜ್ಜೆ ನೋಡಿ ಸಡಿಲವಾಗುತ್ತದೆ. ಗೆರೆಗಳನ್ನು ಅಳಿಸಿ, ಮೇಲಿನ ಅಳತೆಪಟ್ಟಿಯನ್ನು ನಿಮಿಷ–ಸೆಕೆಂಡಿಗೆ ಬದಲಿಸಿದೆ. ಟಿಕ್ ಟಿಕ್ ಎನ್ನುವ ಮೆಟ್ರೊನೋಮನ್ನೂ ಬಂದ್ ಮಾಡಿದೆ. ಮಾವನ ಕೈಯಲ್ಲಿ ಕಂಚಿನ ತಾಳ ಇರುವಾಗ ಈ ಮನೆಯಲ್ಲಿ ಕಾಲ ಎಣಿಸುವ ಬೇರೆಯವರು ಬೇಡ.

ಇನ್ನು ಮೈಕು.

ಬೆಂಗಳೂರಿನಿಂದ ಬರುವಾಗ ಗೆಳೆಯನಿಂದ ಒಂದು ಕಂಡೆನ್ಸರ್ ಮೈಕ್ ಎರವಲು ತಂದಿದ್ದೆ. ಪೆಟ್ಟಿಗೆಯ ಮೇಲೆ 48 ವೋಲ್ಟ್ ಎಂದು ಬರೆದ ಗುಂಡಿ ಒತ್ತಿದರೆ ಅದಕ್ಕೆ ಜೀವ ಬರುತ್ತದೆ. ಒತ್ತಿ, ಹೆಡ್‌ಫೋನ್ ಹಾಕಿ, ಕೂತೆ. ಕೇಳಿಸಿತು, ಮನೆಯೆಲ್ಲ. ಕಂಬಳಿಯಾಚೆಗಿನ ಮಳೆ, ಅದರೊಳಗೆ ಬೇರೆಯಾಗಿ ಮಾಡಿನ ಅಂಚಿನಿಂದ ಕೊಡಪಾನಕ್ಕೆ ಬೀಳುವ ಧಾರೆ. ತೋಟದ ಕಪ್ಪೆ. ಹಟ್ಟಿಯಲ್ಲಿ ದನ ಕಟ್ಟಿದ ಸರಪಳಿ. ಅಡುಗೆಮನೆಯ ಫ್ರಿಜ್ಜು. ಅತ್ತೆ ಹಲಸಿನ ಹಪ್ಪಳ ಕರಿಯುವ ಚರ್‍ರ್. ಇಪ್ಪತ್ತೈದು ವರ್ಷದಿಂದ ಬಂದುಹೋಗುತ್ತಿರುವ ಮನೆ ಇಷ್ಟು ಸದ್ದು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ಅಷ್ಟರ ಕೆಳಗೆ, ಎಲ್ಲಕ್ಕೂ ಶ್ರುತಿ ಹಿಡಿದ ಹಾಗೆ, ಮ್ಮ್‌ಮ್ ಎಂದು ಒಂದೇ ಸಮನೆ ಕೆಳಸ್ಥಾಯಿಯ ಗುಂಯ್ಗುಡುವಿಕೆ.

ಆ ಗುಂಯ್‌ಕಾರ ಕರೆಂಟಿನದು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದು ಆಡುತ್ತದೆ. ಎಲ್ಲಾದರೂ ಅರ್ಥಿಂಗ್ ಸರಿಯಿಲ್ಲದಿದ್ದರೆ ಆ ಐವತ್ತು, ಅದರ ದುಪ್ಪಟ್ಟು ನೂರು, ಎಲ್ಲ ಸೇರಿ ದನಿಯ ದಾರಿಗೆ ನುಗ್ಗುತ್ತವೆ. ವಯರು ಬದಲಿಸಿದೆ, ಹೋಗಲಿಲ್ಲ. ಪೆಟ್ಟಿಗೆಯನ್ನು ದೂರ ಸರಿಸಿದೆ, ಹೋಗಲಿಲ್ಲ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ. ಕಿವಿಯೊಳಗಿಂದ ಯಾರೋ ಬೆರಳು ತೆಗೆದ ಹಾಗೆ ಸದ್ದಡಗಿತು. ಬ್ಯಾಟರಿ ಮೂರು ಗಂಟೆ ಬರುತ್ತದೆ, ಸಾಕು.

ಗುಂಯ್‌ಕಾರ ಹೋಯಿತು, ಮಳೆ ಉಳಿಯಿತು. ಮಾವನೇ ಒಳಗೆ ಹೋಗಿ ತಮ್ಮ ಚೀಲದಿಂದ ಒಂದು ಬಟ್ಟೆಯ ಗಂಟು ತಂದರು. ಬಿಚ್ಚಿದರೆ ಜಾಲರಿ ನೆಗ್ಗಿದ, ಬಣ್ಣ ಹೋದ, ಆಟದ ಮೈಕು. ಶೂರ್ ಎಸ್‌ಎಂ 58. 1966ರಲ್ಲಿ ಬಂದ ಮಾದರಿ, ಇವತ್ತಿಗೂ ಸಂಗೀತದ ವೇದಿಕೆಗಳಲ್ಲೆಲ್ಲ ಕಾಣುವುದು ಅದೇ. ಇದಕ್ಕೆ 48 ವೋಲ್ಟ್ ಬೇಡ, ಗುಂಡಿ ಬಂದ್ ಮಾಡಿದೆ. ಡೈನಮಿಕ್ ಮೈಕಿಗೆ ಮಳೆ ಕೇಳುವುದೇ ಇಲ್ಲ ಎಂದಲ್ಲ. ಬಾಯಿಗೆ ಹತ್ತಿರ ಹಿಡಿದು ಹಾಡಲೆಂದೇ ಮಾಡಿದ ಮೈಕು ಇದು, ಗುಟ್ಟಿರುವುದು ಆ ಹತ್ತಿರದಲ್ಲಿ. ಬಾಯಿಗೂ ಮೈಕಿಗೂ ಇರುವ ದೂರವನ್ನು ಅರ್ಧ ಮಾಡಿದರೆ ದನಿ 6 ಡೆಸಿಬೆಲ್ ಏರುತ್ತದೆ, ಮಳೆ ಇದ್ದಷ್ಟೇ ಇರುತ್ತದೆ. ಮತ್ತೊಮ್ಮೆ ಅರ್ಧ ಮಾಡಿದರೆ ಇನ್ನೂ ಆರು. ಜಡಿಮಳೆಗೆ ಇದಕ್ಕಿಂತ ಅಗ್ಗದ ಮದ್ದಿಲ್ಲ.

“ಇದ್ ನನ್ನ್ ಕೈ ಗುರ್ತ ಇಪ್ಪು ಮೈಕ್,” ಎಂದು ಮಾವ ಮಣೆ ಎಳೆದುಕೊಂಡು ಕೂತರು.

ಈಗ ಅವರು ಕೂತಿರುವುದನ್ನು ನೀವು ನೋಡಬೇಕು. ಬೆನ್ನು ಬಾಗಿಲ್ಲ. ಮುಂಡಾಸಿಲ್ಲ, ಮೈಮೇಲೆ ಬನಿಯನ್, ಹೆಗಲಿಗೆ ಬೈರಾಸು. ಆದರೂ ತಾಳ ಕೈಗೆ ಬಂದ ಕೂಡಲೇ ಕುತ್ತಿಗೆ ತಾನಾಗಿ ನೆಟ್ಟಗಾಗಿದೆ. ಆ ತಾಳವೇ ನನಗೆ ತಲೆನೋವು. ಅಂಗೈಯಗಲದ ಕಂಚು, ಎದೆಯ ಮಟ್ಟದಲ್ಲಿ ಬಡಿದರೆ ಮೈಕಿಗೆ ನೇರ. ದನಿ ಹತ್ತು ಮೆಟ್ಟಿಲು ಏರಿದರೆ ಕಂಚಿನ ಒಂದು ಪೆಟ್ಟು ನೂರು ಮೆಟ್ಟಿಲು ಹಾರುತ್ತದೆ. ಈ ಮೈಕು ಮುಂದಿನಿಂದ ಚೆನ್ನಾಗಿ ಕೇಳುತ್ತದೆ, ಬಾಲದ ಕಡೆಯಿಂದ ಬಂದದ್ದು ಅದಕ್ಕೆ ಹೆಚ್ಚುಕಡಿಮೆ ಕಿವುಡು. ಹಾಗಾಗಿ ಸ್ಟ್ಯಾಂಡನ್ನು ಗಿಡ್ಡ ಮಾಡಿ, ಮೈಕಿನ ಮೂತಿ ಮಾವನ ಬಾಯಿ ನೋಡುವಂತೆ, ಬಾಲ ಅವರ ತೊಡೆಯ ಕಡೆಗೆ ಇಳಿಯುವಂತೆ ಓರೆ ಮಾಡಿದೆ. “ಮಾವ, ತಾಳ ಸ್ವಲ್ಪ ಕೆಳಗೆ, ಮಡಿಲ ಹತ್ರ ಹಿಡಿರಿ.” ಹಿಡಿದು ಬಡಿದರು. ಮೀಟರಿನಲ್ಲಿ ಕಂಚು ಅರ್ಧಕ್ಕೆ ಇಳಿಯಿತು. ಶ್ರುತಿಗೆ ಮೊಬೈಲಿನ ಆ್ಯಪ್. ಅದನ್ನೂ ಬಾಲದ ಕಡೆ, ಏರೋಪ್ಲೇನ್ ಮೋಡಿಗೆ ಹಾಕಿ ಇಟ್ಟೆ. ಇಲ್ಲದಿದ್ದರೆ ಪದ್ಯದ ನಡುವೆ ಯಾರದಾದರೂ ಕರೆ ಬರುತ್ತದೆ, ಬಾರದಿದ್ದರೂ ಸಿಗ್ನಲ್ಲಿನ ಟರ್‍ರ್ ಟರ್‍ರ್ ಸದ್ದು ವಯರಿನೊಳಗೆ ಸೇರುತ್ತದೆ.

ಬಾಯಿಗೆ ನೇರವಾಗಿಯೂ ಇಟ್ಟಿಲ್ಲ, ತುಟಿಯ ಅಂಚಿಗೆ ಸರಿಸಿದ್ದೇನೆ. ನಮ್ಮ ಪ್ರಸಂಗಗಳ ತುಂಬ ಮಹಾಪ್ರಾಣ. ಭೀಮ ಎಂದು ಭಾಗವತರು ಎದೆಯಿಂದ ಹೇಳಿದರೆ ಬರುವ ಗಾಳಿಗೆ ದೀಪ ಆರಬೇಕು. ಮೈಕಿನ ತೆಳುಪೊರೆ ಯಾವ ಲೆಕ್ಕ?

ದನಿಯ ಮಟ್ಟ ಕೂರಿಸುವ ಹೊತ್ತು. ಇಡೀ ದಿನದ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆಯಲಿರುವುದು ಈ ಒಂದು ತಿರುಗುಗುಂಡಿಯ ಮೇಲೆ.

“ಮಾವ, ಒಂಚೂರು ಹಾಡಿ ಕಾಂಬ.”

ಮೆಲ್ಲಗೆ ಒಂದು ಆಲಾಪ. ಪೆಟ್ಟಿಗೆಯ ಗುಂಡಿಯ ಸುತ್ತಲಿನ ಉಂಗುರ ಮಂಕಾಗಿ ಹಸಿರಾಯಿತು. ಗುಂಡಿ ಏರಿಸಿದೆ. ಚೆನ್ನಾಗಿ ಹಸಿರಾಯಿತು. ಇಷ್ಟಕ್ಕೇ ಸರಿಯಾಯಿತೆಂದುಕೊಂಡರೆ ಕೆಟ್ಟಿತು. ಪರೀಕ್ಷೆಗೆ ಹಾಡಿ ಎಂದರೆ ಯಾರೂ ಪೂರ್ತಿ ದನಿ ತೆಗೆಯುವುದಿಲ್ಲ, ಪದ್ಯದೊಳಗೆ ಹೊಕ್ಕಮೇಲೆ ಬರುವ ದನಿಯೇ ಬೇರೆ.

“ಏರು ಪದ್ಯ ಹೇಳಿ ಮಾವ. ರಂಗಸ್ಥಳದಂಗೆ ಹೇಳಿದ ಹಾಂಗೇ.”

ಅವರು ಒಂದು ಕ್ಷಣ ಸುಮ್ಮನಿದ್ದು, ಗಂಟಲು ಸರಿಮಾಡಿ, ಎತ್ತಿಕೊಂಡರು. ಗದಾಪರ್ವ. ಭೀಮನ ಮೂದಲಿಕೆ ತಾಳಲಾರದೆ ಕೌರವ ಕೊಳದಿಂದ ಮೇಲೇಳುವ ಜಾಗ. ಚಾಪೆಯ ಕೆಳಗಿನ ನೆಲ ನನ್ನ ಮೊಣಕಾಲಿಗೆ ಅದುರಿದ್ದು ತಿಳಿಯಿತು. ಪರದೆಯ ಮೇಲೆ ಮೀಟರು ಒಂದೇ ನೆಗೆತಕ್ಕೆ ತುದಿ ಮುಟ್ಟಿತು, ನೆತ್ತಿಯ ಅಂಕಿ ಕೆಂಪಾಯಿತು, ಪೆಟ್ಟಿಗೆಯ ಉಂಗುರವೂ ಕೆಂಪು. ಸೊನ್ನೆ ಡೆಸಿಬೆಲ್ ಎಂಬುದು ಡಿಜಿಟಲ್ ಲೋಕದ ಮುಚ್ಚಿಗೆ. ಹಳೆಯ ಟೇಪು ಮಿತಿ ಮೀರಿದ ದನಿಯನ್ನು ಸ್ವಲ್ಪ ಹಿಂಡಿಯಾದರೂ ಒಳಗೆ ತೆಗೆದುಕೊಳ್ಳುತ್ತಿತ್ತು. ಇಲ್ಲಿ ಆ ದಾಕ್ಷಿಣ್ಯ ಇಲ್ಲ, ಮುಚ್ಚಿಗೆ ಮೀರಿದ್ದನ್ನು ತೆಂಗಿನ ಸುಳಿ ಕಡಿದ ಹಾಗೆ ಕಡಿದುಹಾಕುತ್ತದೆ. ಕಡಿದದ್ದು ಮತ್ತೆ ಚಿಗುರುವುದಿಲ್ಲ.

ಗುಂಡಿ ಇಳಿಸಿದೆ. ಮತ್ತೊಮ್ಮೆ ಹಾಡಿದರು. ಇನ್ನೂ ಇಳಿಸಿದೆ. ಮೂರನೆಯ ಸಲ ಅವರ ಅತಿ ಎತ್ತರದ ಸ್ವರ ಮೈನಸ್ ಹತ್ತರ ಬಳಿ ನಿಂತಿತು. ಆಗ ಕೆಳಗಿನ ದನಿ ಮೀಟರಿನ ಬುಡದಲ್ಲಿ ಎಲ್ಲೋ ಮಿಣುಕುತ್ತದೆ, ನೋಡಿದರೆ ಇಷ್ಟು ಸಣ್ಣದು ಸಾಕೇ ಎಂದು ಭಯವಾಗುತ್ತದೆ. ಸಾಕು. 16 ಬಿಟ್‌ನಲ್ಲಿ ಅತಿ ಸಣ್ಣ ಸದ್ದಿಗೂ ಅತಿ ದೊಡ್ಡ ಸದ್ದಿಗೂ ನಡುವೆ 96 ಡೆಸಿಬೆಲ್ ಜಾಗವಿದ್ದರೆ, 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ 144. ಸಣ್ಣದನ್ನು ಆಮೇಲೆ ಎತ್ತಿಕೊಳ್ಳಬಹುದು. ತುಂಡಾದದ್ದನ್ನು ಜೋಡಿಸಲಾಗದು. ಹಾಡುವವರು ಎಷ್ಟು ಎತ್ತರಕ್ಕೆ ಹೋಗುತ್ತಾರೆಂದು ಮೊದಲೇ ತಿಳಿದುಕೊಂಡು, ಅದಕ್ಕಿಂತ ಒಂದು ಮೊಳ ಮೇಲೆ ಮಾಡು ಕಟ್ಟುವುದು, ಅಷ್ಟೇ ನನ್ನ ಕೆಲಸ. ಮೆಲ್ಲಗೆ ಹಾಡಿ ಎಂದು ಭಾಗವತರಿಗೆ ಹೇಳುವುದಲ್ಲ.

ಹೆಡ್‌ಫೋನ್ ಅವರ ಕಿವಿಗೆ ಹಾಕಿದೆ. ಒಂದು ಸಾಲು ಹಾಡಿ ನಿಲ್ಲಿಸಿಬಿಟ್ಟರು.

“ನನ್ ಸ್ವರ ನನ್ ಹಿಂದ್ ಹಿಂದೇ ಬತ್ತ್ ಮಾಣಿ. ತಾಳ ತಪ್ಪತ್ತ್.”

ಕಿವಿಯೆಂದರೆ ಅದು. ಬಫರ್ 1,024 ಸ್ಯಾಂಪಲಿಗೆ ಇತ್ತು. 48,000ದಲ್ಲಿ ಅಷ್ಟು ತುಂಬಿಸಿಕೊಳ್ಳುವುದಕ್ಕೆ 21 ಮಿಲಿಸೆಕೆಂಡ್, ಮರಳಿ ಕಳಿಸುವುದಕ್ಕೆ ಮತ್ತೆ ಅಷ್ಟು. ಇನ್ನೊಬ್ಬರಿಗೆ ಗೊತ್ತೂ ಆಗದ ಆ ತಡ, ಮೂವತ್ತು ವರ್ಷ ಚಂಡೆ ಮದ್ದಳೆಯ ನಡುವೆ ಕೂತ ಕಿವಿಗೆ ಮುಳ್ಳಿನಂತೆ ಚುಚ್ಚಿದೆ. 128ಕ್ಕೆ ಇಳಿಸಿದೆ. ಆಮೇಲೆ ಅದಕ್ಕಿಂತ ಸುಲಭದ ದಾರಿ ನೆನಪಾಯಿತು. ಪೆಟ್ಟಿಗೆಯ ಮುಂದಿನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿದರೆ ದನಿ ಲ್ಯಾಪ್‌ಟಾಪಿಗೆ ಹೋಗಿಬರುವ ಮೊದಲೇ ನೇರ ಕಿವಿಗೆ. ಒತ್ತಿ, ತಂತ್ರಾಂಶದೊಳಗಿನ ಮಾನಿಟರ್ ಬಂದ್ ಮಾಡಿದೆ. ಮಾವ ಒಂದು ಕಿವಿಯ ಬಟ್ಟಲನ್ನು ಹಿಂದಕ್ಕೆ ಸರಿಸಿಕೊಂಡು, ಹಾಡಿ ನೋಡಿ, ತಲೆಯಾಡಿಸಿದರು.

ಟ್ರ್ಯಾಕಿಗೆ ಹೆಸರು ಕೊಡಬೇಕು. ರೆಕಾರ್ಡ್ ಒತ್ತುವ ಮೊದಲೇ ಕೊಟ್ಟರೆ ಫೈಲಿಗೂ ಅದೇ ಹೆಸರು ಬರುತ್ತದೆ. ಇಲ್ಲದಿದ್ದರೆ ಬರೀ ಅಂಕಿ, ತಾರೀಕು, ವರ್ಷ ಕಳೆದಮೇಲೆ ಯಾವುದು ಯಾವುದೆಂದು ದೇವರಿಗೇ ಗೊತ್ತು. ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿ ಮುಗಿಸಿ, ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದದ್ದು ಇದೇ ಕಾರಣಕ್ಕೆ. ಮೇಣದ ಮೇಲೆ ಕೆತ್ತಿದ ಆ ದನಿ ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಯಾಗಬೇಕು. ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಬೇಕು. ಆಕೆ ಕೊನೆಗಾಲದಲ್ಲಿ ನಮ್ಮ ಮೈಸೂರಿಗೆ ಆಸ್ಥಾನ ಗಾಯಕಿಯಾಗಿ ಬಂದು, 1930ರಲ್ಲಿ ಇಲ್ಲೇ ಕಣ್ಣುಮುಚ್ಚಿದವರು. ಆಕೆಯ ಹೆಸರು ಆಕೆಯ ದನಿಯಲ್ಲೇ ಉಳಿದಿದೆ. ನಾನು ಇಂಗ್ಲಿಷ್ ಅಕ್ಷರದಲ್ಲಿ ಪ್ರಸಂಗ, ತಾಳ, ಮಾವನ ಹೆಸರು ಬರೆದೆ. ಪ್ರಾಜೆಕ್ಟನ್ನು ಅದರದೇ ಫೋಲ್ಡರಿನಲ್ಲಿ ಸೇವ್ ಮಾಡಿದೆ. ಸಾಲಿನ ಪಕ್ಕದ ಪುಟ್ಟ ಗುಂಡಿ ಒತ್ತಿ ಮತ್ತೆ ಕೆಂಪು ಮಾಡಿದೆ.

“ಆಕಾಶವಾಣಿಯಂಗೂ ಕೆಂಪ್ ದೀಪ ಇತ್ತ್,” ಎಂದರು ಮಾವ.

ಕಂಟ್ರೋಲ್ ಆರ್. ಮಾವ ಹಾಡಿದರು. ನಾನು ಪರದೆ ನೋಡಲಿಲ್ಲ, ಪೆಟ್ಟಿಗೆಯ ಹಸಿರು ಉಂಗುರವನ್ನೂ ಅವರ ಮುಖವನ್ನೂ ನೋಡುತ್ತಿದ್ದೆ. ನಾಲ್ಕು ನಿಮಿಷ ಅವರು ಈ ಕೋಣೆಯಲ್ಲಿರಲಿಲ್ಲ. ಬಿಡ್ತಿಗೆ ಮುಗಿಸಿ ತಾಳ ಮಡಿಲಲ್ಲಿಟ್ಟಮೇಲೆ ಪರದೆಗೆ ಕಣ್ಣು ಹಾಯಿಸಿದೆ. ನಾಲ್ಕು ನಿಮಿಷದುದ್ದಕ್ಕೂ ದಾರದಂಥ ಒಂದು ನೇರ ಗೆರೆ. ಮೈಕಿನ ವಯರು ಒಂದನೆಯ ತೂತಿನಲ್ಲಿತ್ತು. ನಡುವೆ ಎಲ್ಲೋ ಕೈತಪ್ಪಿ ಟ್ರ್ಯಾಕಿನ ಇನ್‌ಪುಟ್ ಎರಡಕ್ಕೆ ಬದಲಾಗಿತ್ತು.

ಹೇಳಿದೆ. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ.

“ಹೋಯ್ಲಿ ಬಿಡ್. ಇನ್ನೊಂದ್ ಸಲ ಹಾಡ್ತೆ.” ಸ್ವಲ್ಪ ತಡೆದು, “ಹಿಂದಿನ್ ಸಲದ ಹಾಂಗೆ ಬಪ್ಪುದಿಲ್ಲೆ. ಬೇರೆ ನಮೂನಿ ಬಕ್ಕ್.”

ಇನ್‌ಪುಟ್ ಒಂದು. ಮೀಟರು ಆಡಿತು. ಅತ್ತೆ ಒಂದು ಲೋಟ ಕಾಳುಮೆಣಸಿನ ಕಷಾಯ ತಂದಿಟ್ಟರು. ಮಾವ ಎರಡು ಗುಟುಕು ಕುಡಿದು, ಬೈರಾಸಿನಿಂದ ತುಟಿ ಒರೆಸಿಕೊಂಡರು. ಅಷ್ಟರಲ್ಲಿ ಎಲ್ಲೋ ಟಪ್ಪೆಂದಿತು, ಕೋಣೆ ಕತ್ತಲಾಯಿತು.

ಕರೆಂಟ್ ಹೋಯಿತು.

ಕೇಳಿಸಿಕೊಳ್ಳಿ. ಫ್ರಿಜ್ಜು ನಿಂತಿದೆ. ಪಕ್ಕದ ಮನೆಯ ಟಿವಿ ನಿಂತಿದೆ. ತೋಟದಾಚೆಯ ಗಿರಣಿ ನಿಂತಿದೆ, ಅದು ಇಷ್ಟು ಹೊತ್ತೂ ಓಡುತ್ತಿತ್ತೆಂದು ತಿಳಿದದ್ದೇ ಈಗ. ಊರಿಗೂರೇ ಉಸಿರು ಹಿಡಿದಂತಿದೆ. ಲ್ಯಾಪ್‌ಟಾಪು ಬ್ಯಾಟರಿಯಲ್ಲಿ, ಪೆಟ್ಟಿಗೆಗೆ ಯುಎಸ್‌ಬಿಯ ಜೀವ, ಮೊಬೈಲಿನ ಶ್ರುತಿ ನಡೆಯುತ್ತಲೇ ಇದೆ. ಉಳಿದದ್ದು ಮಳೆ ಒಂದೇ.

“ಈಗ್ಲೇ ಮಾವ.”

ಪರದೆಯ ಬೆಳಕಿನಲ್ಲಿ ಅವರ ಅರ್ಧ ಮುಖ ಕಾಣುತ್ತಿದೆ. ಶ್ರುತಿಯ ಮೇಲೆ ದನಿ ಮೆಲ್ಲಗೆ ಬಂದು ಕೂತಿತು. ಹಿಂದಿನ ಸಲಕ್ಕಿಂತ ತಗ್ಗಿನಲ್ಲಿ, ಬಹಳ ತಗ್ಗಿನಲ್ಲಿ. ತಮ್ಮಂದಿರೆಲ್ಲ ಸತ್ತಿದ್ದಾರೆ, ಸೈನ್ಯ ಇಲ್ಲ, ನೀರೊಳಗೆ ಒಬ್ಬನೇ ಕೂತಿದ್ದಾನೆ ಕೌರವ. ಮೀಟರು ಬುಡದಲ್ಲಿ ಮಿಣುಕುತ್ತಿದೆ, ಗುಂಡಿಗೆ ಕೈ ಹೋಗುತ್ತದೆ, ಹಿಂದೆಗೆದುಕೊಳ್ಳುತ್ತೇನೆ. ಎರಡನೆಯ ಪದ್ಯ. ತಾಳ ಸ್ವಲ್ಪ ಬಿಗಿಯಾಯಿತು. ದಡದಲ್ಲಿ ಭೀಮ ಬಂದಿದ್ದಾನೆ. ಪರದೆಯ ಮೇಲೆ ಅಲೆಗಳು ಎಡದಿಂದ ಬಲಕ್ಕೆ ಮೂಡುತ್ತಿವೆ, ಮೊದಲು ಹುಲ್ಲಿನಷ್ಟು, ಆಮೇಲೆ ಪೈರಿನಷ್ಟು. ಮಾವನ ಗಲ್ಲ ಮೇಲೆದ್ದಿತು. ಏರು ಎತ್ತಿಕೊಂಡರು. ಹಗ್ಗದ ಮೇಲಿನ ಸೀರೆಗಳ ನಡುವೆ ಆ ದನಿ ಎದ್ದು ನಿಂತಿತು. ಮೀಟರು ಏರಿತು, ಏರಿತು, ಮೈನಸ್ ಹತ್ತು ದಾಟಿ, ಒಂಬತ್ತು, ಎಂಟು, ಅಲ್ಲಿ ಒಂದು ಕ್ಷಣ ನಡುಗಿ, ಇಳಿಯಿತು. ಕೆಂಪಾಗಲಿಲ್ಲ. ಪೂರ್ತಿ ಹೋಗಿಬಂದರು ಮಾವ, ಎಲ್ಲೂ ತಲೆ ತಾಗಲಿಲ್ಲ.

ಬಿಡ್ತಿಗೆ. ತಾಳದ ಕೊನೆಯ ಪೆಟ್ಟು. ಕಂಚಿನ ನಾದ ಪೂರ್ತಿ ಆರುವವರೆಗೂ ಇಬ್ಬರೂ ಅಲುಗಲಿಲ್ಲ. ಆಮೇಲೆ ಸ್ಪೇಸ್ ಬಾರ್ ಒತ್ತಿ, ಉಳಿಸು ಎಂದು ಒತ್ತಿದೆ. ಐದು ನಿಮಿಷ ಹನ್ನೆರಡು ಸೆಕೆಂಡ್.

ಹೆಡ್‌ಫೋನ್ ಇನ್ನೂ ಅವರ ಕಿವಿಯಲ್ಲೇ ಇತ್ತು. ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. ಒಂದು ಕಡೆ ಹುಬ್ಬು ಗಂಟಾಯಿತು, ಇನ್ನೊಂದು ಕಡೆ ತೊಡೆಯ ಮೇಲೆ ಬೆರಳು ಏಳಕ್ಷರ ಎಣಿಸಿತು. ಮುಗಿದಮೇಲೆ ಕಳಚಿ ನನ್ನ ಕೈಗಿತ್ತರು. ನಾನೂ ಕೇಳಿದೆ. ದನಿ ಎಷ್ಟು ಹತ್ತಿರ ಎಂದರೆ, ಎರಡನೆಯ ಪದ್ಯಕ್ಕೆ ಮೊದಲು ಉಸಿರು ಎಳೆದುಕೊಂಡದ್ದೂ ಇದೆ. ಆದರೆ ತಗ್ಗಿನ ಜಾಗಗಳಲ್ಲಿ ಹಿಂದಿನಿಂದ ಮಳೆ. ದೂರದಲ್ಲಿ, ಒಂದೇ ಸಮನೆ.

“ಮಳೆ ಕೇಳತ್ತೆ ಮಾವ. ಸದ್ದು ತೆಗೆಯೋ ಉಪಾಯ ಉಂಟು, ನೋಡ್ತೇನೆ,” ಎಂದೆ. ಉಪಾಯ ಇರುವುದು ನಿಜ. ಹೆಚ್ಚು ಬಳಸಿದರೆ ಹಾಡುವವರ ದನಿಯೇ ತಗಡಿನ ಡಬ್ಬಿಯೊಳಗೆ ಕೂತ ಹಾಗಾಗುತ್ತದೆ ಎಂಬುದೂ ನಿಜ.

“ಎಂತಕ್ಕೆ?” ಎಂದರು ಮಾವ. “ಕೊಳದಂಗೆ ಕೂಕಂಡವ್ನಿಗೆ ನೀರಿನ್ ಶಬ್ದ ಕೇಣ್ದೇ ಇರತ್ತಾ?”

ತೆಗೆಯಲಿಲ್ಲ. ಕೆಳಗಿನ ಗುಡುಗಿನಂಥ ಅದುರನ್ನು ಮಾತ್ರ 80 ಹರ್ಟ್ಸ್‌ನಿಂದ ಕೆಳಕ್ಕೆ ಸೋಸಿ ಬಿಟ್ಟೆ. ಮೂಲ ಫೈಲು ಹಾಗೆಯೇ ಇದೆ. ಅದರ ಒಂದು ಪ್ರತಿ ಪೆನ್‌ಡ್ರೈವಿಗೆ, ಇನ್ನೊಂದು ನನ್ನ ಹಾರ್ಡ್‌ಡಿಸ್ಕಿಗೆ. ಕ್ಯಾಸೆಟ್ಟಿನ ಪೆಟ್ಟಿಗೆಯಿದ್ದ ಅಟ್ಟದಲ್ಲಿ ಯಾವುದನ್ನೂ ಇಡುವುದಿಲ್ಲ. ಅತ್ತೆಯ ತವರಿನವರಿಗೆ ವಾಟ್ಸಾಪಿನಲ್ಲಿ ಕಳಿಸಲು ಒಂದು ಎಂಪಿ3 ಬೇಕಂತೆ. ಕಂಟ್ರೋಲ್, ಆಲ್ಟ್, ಆರ್. ನೀಲಿ ಪಟ್ಟಿ ಸರಸರನೆ ತುಂಬಿತು.

ಫ್ರಿಜ್ಜು ಗಡಗಡಿಸಿ ಶುರುವಾಯಿತು. ಕರೆಂಟು ಬಂದಿದೆ. ಮಾವ ಆಗಲೇ ಮೊಬೈಲ್ ಎತ್ತಿಕೊಂಡು, ಏರೋಪ್ಲೇನ್ ಮೋಡ್ ತೆಗೆಸಿಕೊಂಡು, ಜಗಲಿಗೆ ಹೋಗಿ ನಿಂತಿದ್ದಾರೆ. ಮಳೆಯ ಮೇಲೆ ದನಿ ಏರಿಸಿ ಯಾರಿಗೋ ಹೇಳುತ್ತಿದ್ದಾರೆ: “ಹ್ವಾಯ್, ನಾಳೆ ಮದ್ಲೆ ತಕಂಡ್ ಬನ್ನಿ ಕಾಂಬ... ಹೌದ್, ಮನಿಗೇ... ಕರೆಂಟ್ ಹೋಪು ಹೊತ್ತಿಗೆ ಬಂದ್ರೆ ಆಯ್ತ್.”

ನಾನು ಕಂಟ್ರೋಲ್ ಟಿ ಒತ್ತುತ್ತೇನೆ. ಮಾವನ ಸಾಲಿನ ಕೆಳಗೆ ಇನ್ನೊಂದು ಖಾಲಿ ಸಾಲು. ಮದ್ದಳೆ ಎಂದು ಹೆಸರು ಬರೆದು, ಇನ್‌ಪುಟ್ ಯಾವುದೆಂದು ಎರಡು ಸಲ ನೋಡಿಕೊಳ್ಳುತ್ತೇನೆ.